ಭಾವನ ಮನೆಯ ಡಿಸ್ಕ್ ಪ್ಲೇಯರ್

ಲೈಟ್ ಬೇಕಾದರೆ ಇರಲಿ. ಆದರೆ ಆ ಟೀವಿ ಸದ್ದು ಒಂಚೂರು ಕಡಿಮೆ ಮಾಡಿ... ಇನ್ನೂ ಕಡಿಮೆ. ಹಾಂ, ಸಾಕು.

ಇದು ಯಾರೋ ಯಾರಿಗೋ ಹೇಳಿದ್ದನ್ನು ಕೇಳಿ ಬಂದು ಹೇಳುತ್ತಿರುವುದಲ್ಲ. ನಮ್ಮ ಸೋದರಮಾವನ ಮಗನಿಗೇ ಆದದ್ದು. ಟೀವಿ, ಸ್ಪೀಕರ್, ಡಿಸ್ಕ್ ಪ್ಲೇಯರ್ ರಿಪೇರಿ ಅವನ ಕಸುಬು. ಸ್ನಾನಕ್ಕೆ ಹೋಗುವಾಗಲೂ ಇವನ ಹತ್ತಿರ ಟೆಸ್ಟರ್ ಇರುತ್ತೆ ಅಂತ ಎಲ್ಲರೂ ತಮಾಷೆ ಮಾಡಿ ಮಾಡಿ, ಕೊನೆಗೆ ಅವನ ಹೆಸರೇ ಟೆಸ್ಟರ್ ಅಂತಾಯಿತು. ಬಲು ಸಾಧು. ಇರುವೆ ಸಾಲು ಅಡ್ಡ ಬಂದರೆ ಸುತ್ತು ಹಾಕಿಕೊಂಡು ಹೋಗುವ ಪೈಕಿ. ಅಂಥವನು ಹೀಗೆ ಮಾಡಿದ ಅಂದರೆ ನಮ್ಮ ಮನೆಯಲ್ಲೇ ಅರ್ಧ ಜನ ಇವತ್ತಿಗೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ಆಗಿದ್ದು ಆಗಿಹೋಗಿದೆ.

ಆವತ್ತು ಅವನು ಅಂಗಡಿಯ ಷಟರ್ ಎಳೆದಾಗ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮನೆಗೆ ಹೋಗುವ ದಾರಿಯಲ್ಲೇ ಅವನ ಭಾವನ ಮನೆಗೂ ಹೋಗಬೇಕಿತ್ತು. ಪ್ಲೇಯರ್ ಕೆಟ್ಟಿದೆ, ಇವತ್ತೇ ಬಂದು ನೋಡು ಅಂತ ಬೆಳಗ್ಗೆಯಿಂದ ಭಾವನದು ಫೋನಿನ ಮೇಲೆ ಫೋನು. ಸಾಮಾನಿನ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟ. ದಾರಿ ತಿರುಗುವಲ್ಲಿ ಒಂದು ದೊಡ್ಡ ಆಲದ ಮರ. ಅಲ್ಲಿನ ಬೀದಿದೀಪ ಯಾವ ಕಾಲದಲ್ಲಿ ಕೆಟ್ಟಿತೋ, ಸರಿ ಮಾಡಿಸುವವರು ಹುಟ್ಟಿರಲಿಲ್ಲ.

ಮರದ ಕೆಳಗೆ ಬಂದಾಗ...

ಸುಂಯ್...

ನಿಂತ. ಗಾಳಿ ಇಲ್ಲ. ಒಂದು ಎಲೆಯೂ ಅಲುಗುತ್ತಿಲ್ಲ.

ಸುಂಯ್... ಸುಂಯ್... ಗೊರ್.

ಟೆಸ್ಟರನಿಗೆ ಬೇರೇನೂ ಗೊತ್ತಿಲ್ಲದಿದ್ದರೂ ಸದ್ದು ಗೊತ್ತು. ಅದು ಎಲೆಯದಲ್ಲ, ಹಕ್ಕಿಯದಲ್ಲ. ಉಬ್ಬಸ ಇರುವವರು ಉಸಿರು ಎಳೆದುಕೊಳ್ಳುವ ಸದ್ದು. ಚಿಕ್ಕಂದಿನಲ್ಲಿ ಪಕ್ಕದ ಹಾಸಿಗೆಯಿಂದ ದಿನಾ ರಾತ್ರಿ ಕೇಳಿಕೊಂಡೇ ಬೆಳೆದಿದ್ದ. ಅವನ ಅಕ್ಕನಿಗೆ ಉಬ್ಬಸ ಇತ್ತು.

ಆದರೆ ಅಕ್ಕ ಸತ್ತು ವರ್ಷವಾಗುತ್ತಾ ಬಂದಿತ್ತು.

ಅವನು ಹಿಂದೆ ತಿರುಗಿ ನೋಡಲಿಲ್ಲ. ಬೇಕೆಂದೇ ಚಪ್ಪಲಿಯನ್ನು ಜೋರಾಗಿ ಬಡಿಯುತ್ತಾ ನಡೆದ. ಸದ್ದು ಹಿಂದೆಯೇ ಬಂತು... ಬಂತು... ಭಾವನ ಮನೆಯ ಗೇಟಿನ ಹತ್ತಿರ ಅವನನ್ನು ದಾಟಿಕೊಂಡು ಮುಂದೆ ಹೋಯಿತು. ಅವನಿಗಿಂತ ಮೊದಲೇ ಮನೆಯ ಒಳಗೆ ಹೋಯಿತು.

ಇಲ್ಲಿ ಅಕ್ಕನ ವಿಷಯ ಹೇಳದಿದ್ದರೆ ಕತೆ ಕುಂಟುತ್ತೆ. ಅಕ್ಕ ಅಂದರೆ ಟೆಸ್ಟರನಿಗೆ ಪ್ರಾಣ. ಅವನಿಗೆ ಅಕ್ಷರ ಕಲಿಸಿದವಳು, ಅಪ್ಪನ ಏಟಿಗೆ ಅಡ್ಡ ನಿಂತವಳು, ಅವನು ಮೊದಲ ಸಲ ರೇಡಿಯೋ ಬಿಚ್ಚಿ ಜೋಡಿಸಲಾಗದೆ ಅತ್ತಾಗ ಸ್ಕ್ರೂಗಳನ್ನೆಲ್ಲ ಹುಡುಕಿ ಕೊಟ್ಟವಳು. ಮದುವೆಯಾಗಿ ಈ ಮನೆಗೆ ಬಂದಳು. ಭಾವ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಹೊರಗಿನವರ ಹತ್ತಿರ ಬೆಣ್ಣೆಯಂಥ ಮಾತು. ಇಂಥ ಅಳಿಯ ಸಿಗಲು ಪುಣ್ಯ ಮಾಡಿರಬೇಕು ಅಂತ ನಮ್ಮವರೇ ಹೊಗಳಿದ್ದು ಎಷ್ಟು ಸಲವೋ. ಅವನನ್ನು ಭಾವ ಅನ್ನಲಿಕ್ಕೂ ಈಗ ನನ್ನ ನಾಲಿಗೆ ಕಹಿಯಾಗುತ್ತೆ. ಏನು ಮಾಡುವುದು, ಕತೆಗೆ ಬೇಕಲ್ಲ.

ಒಂದು ಬೆಳಗ್ಗೆ ಅವನ ಫೋನು ಬಂತು. ನಾನು ರಾತ್ರಿ ಪಾಳಿಗೆ ಹೋಗಿದ್ದೆ, ಬಂದು ನೋಡಿದರೆ ಹಾಸಿಗೆಯಲ್ಲೇ ಹೋಗಿಬಿಟ್ಟಿದ್ದಾಳೆ, ಉಬ್ಬಸ ಹೆಚ್ಚಾಗಿರಬೇಕು ಅಂತ ಎದೆ ಬಡಿದುಕೊಂಡು ಅತ್ತ. ಡಾಕ್ಟರೂ ಉಬ್ಬಸ ಅಂತಲೇ ಬರೆದುಕೊಟ್ಟರು. ಹೆಂಡತಿ ಸತ್ತು ಅಳುತ್ತಿರುವವನು ರಾತ್ರಿ ನಿಜವಾಗಿ ಎಲ್ಲಿದ್ದ ಅಂತ ಗೋದಾಮಿಗೆ ಹೋಗಿ ಯಾರು ವಿಚಾರಿಸುತ್ತಾರೆ?

ನಮ್ಮ ಅತ್ತೆ, ಅಂದರೆ ಟೆಸ್ಟರನ ಅಮ್ಮ, ಮಗಳ ಕೈ ಹಿಡಿದುಕೊಂಡು ಕೂತವರು ಬಿಡಲೇ ಇಲ್ಲ. ಇವಳ ಉಗುರೆಲ್ಲ ಯಾಕೆ ಮುರಿದಿದೆ? ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಎಲ್ಲಿಂದ ಬಂತು? ಇಷ್ಟನ್ನೇ ಕೇಳುತ್ತಿದ್ದರು. ದುಃಖದಲ್ಲಿ ಬಾಯಿಗೆ ಬಂದದ್ದು ಆಡುತ್ತಾರೆ ಅಂತ ಎಲ್ಲರೂ ಸೇರಿ ಅವರನ್ನೇ ಸುಮ್ಮನಾಗಿಸಿದರು. ಆದರೆ ಆ ಮಾತು ಟೆಸ್ಟರನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ಅಕ್ಕ ಹೇಗೆ ಸತ್ತಳು... ಅದೊಂದು ಗೊತ್ತಾಗದೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಸರಿ. ಭಾವ ಬಾಗಿಲು ತೆಗೆದ. ಕಣ್ಣು ಗುಳಿ ಬಿದ್ದಿತ್ತು, ಗಡ್ಡ ಬೆಳೆದಿತ್ತು. ಹಾಲಿನಲ್ಲಿ ಗೋಡೆಯಷ್ಟಗಲದ ಟೀವಿ. ಎರಡು ಪಕ್ಕಕ್ಕೂ ಆಳೆತ್ತರದ ಸ್ಪೀಕರ್. ಕೆಳಗಿನ ಹಲಗೆಯ ಮೇಲೆ ಪ್ಲೇಯರ್, ಅದರ ಮೂತಿಯಲ್ಲಿ ಒಂದು ನೀಲಿ ಚುಕ್ಕಿ. ಮೂರು ಬೀದಿಗೆ ಕೇಳುವಷ್ಟು ಜೋರಾಗಿ ಸಿನಿಮಾ ನೋಡುವುದು ಭಾವನ ಶೋಕಿ. ಅಕ್ಕಪಕ್ಕದವರು ಹೇಳಿ ಹೇಳಿ ಸುಸ್ತಾಗಿ, ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುವುದು ಕಲಿತಿದ್ದರು.

ತೊಂದರೆ ಏನೆಂದು ಭಾವ ಹೇಳಿದ. ಯಾವ ಡಿಸ್ಕ್ ಹಾಕಿದರೂ ಸ್ವಲ್ಪ ಹೊತ್ತು ಚೆನ್ನಾಗಿ ಓಡುತ್ತೆ, ಆಮೇಲೆ ಚಿತ್ರ ತಡವರಿಸುತ್ತೆ. ಸಿನಿಮಾದಲ್ಲಿ ನಡೆಯುತ್ತಿರುವವನು ಒಂದು ಹೆಜ್ಜೆ ಇಟ್ಟು ನಿಲ್ಲುತ್ತಾನೆ, ಮತ್ತೆ ಒಂದು ಹೆಜ್ಜೆ, ಮತ್ತೆ ನಿಲ್ಲುತ್ತಾನೆ. ಚಿತ್ರ ನಿಂತಾಗೆಲ್ಲ ಸದ್ದೂ ನಿಲ್ಲುತ್ತೆ. ಹಗಲು ಏನೂ ಇಲ್ಲ. ರಾತ್ರಿ ಮಾತ್ರ, ಅದೂ ಈಗೀಗ ತೀರಾ ಜಾಸ್ತಿ. ಹಾಗಿದ್ದರೆ ರಾತ್ರಿ ಆರಿಸಿ ಮಲಗಬಾರದೇ ಅಂದ ಟೆಸ್ಟರ್. ಸದ್ದಿಲ್ಲದಿದ್ದರೆ ನನಗೆ ನಿದ್ದೆ ಬರಲ್ಲ ಅಂದ ಭಾವ. ಹೇಳುವಾಗ ಅಡುಗೆಮನೆಯ ಕಡೆ ಒಂದು ಸಲ ನೋಡಿದ.

ಟೆಸ್ಟರ್ ನೆಲದ ಮೇಲೆ ಕೂತು ಬ್ಯಾಗು ಬಿಚ್ಚಿದ. ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು ತಿರುಗಿಸಿದ. ಗೀರಿಲ್ಲ. ಆದರೂ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಒರೆಸಿ ಹಾಕಿದ. ತಡವರಿಸಿತು. ಪ್ಲೇಯರಿನ ಮುಚ್ಚಳ ಬಿಚ್ಚಿ, ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಲೆನ್ಸ್ ಒರೆಸಿದ. ತಡವರಿಸಿತು. ಕೇಬಲ್ ಕಿತ್ತು ಹೊಸದು ಸಿಕ್ಕಿಸಿದ. ಅದೇ ಹಾಡು. ಆಗ ಅವನಿಗೆ ಸೆಟಿಂಗ್ ಮೇಲೆ ಗುಮಾನಿ ಬಂತು. ಸಿನಿಮಾ ತೆಗೆಯುವುದು ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರದ ಲೆಕ್ಕದಲ್ಲಿ, ಟೀವಿ ತೋರಿಸುವುದು ಅರವತ್ತರ ಲೆಕ್ಕದಲ್ಲಿ. ಎರಡಕ್ಕೂ ತಾಳ ಕೂಡದಿದ್ದರೆ ಚಿತ್ರ ಎಳೆದಾಡುತ್ತೆ. ಹತ್ತು ಮನೆಯಲ್ಲಿ ಒಂಬತ್ತು ಕಡೆ ಇದೇ ಕಾಯಿಲೆ. ಮೆನುವಿಗೆ ಹೋಗಿ ಎರಡನ್ನೂ ಇಪ್ಪತ್ನಾಲ್ಕಕ್ಕೆ ಹೊಂದಿಸಿದ. ಚಿತ್ರ ಎಣ್ಣೆ ಹಾಕಿದ ಹಾಗೆ ಸರಾಗ ಓಡಿತು. ಇಷ್ಟಕ್ಕೆ ಇಡೀ ದಿನ ಪ್ರಾಣ ತಿಂದಿರಲ್ಲ ಭಾವ ಅಂತ ನಕ್ಕ.

ಭಾವನೂ ನಕ್ಕ. ರಿಮೋಟ್ ತೆಗೆದುಕೊಂಡು ಸದ್ದು ಜಾಸ್ತಿ ಮಾಡಿದ.

ಚಿತ್ರ ನಿಂತಿತು. ಓಡಿತು. ನಿಂತಿತು. ಓಡಿತು. ನಿಂತಿತು.

ಆಮೇಲೆ ಒಂದು ಸ್ವಲ್ಪ ಬಿಡುವು. ಮತ್ತೆ ಅದೇ... ಮೂರು ಸಲ ತಡೆ, ಒಂದು ಬಿಡುವು. ಮೂರು ಸಲ ತಡೆ, ಒಂದು ಬಿಡುವು.

ಟೆಸ್ಟರ್ ಬ್ಯಾಗಿನಿಂದ ತನ್ನದೇ ಪ್ಲೇಯರ್ ತೆಗೆದು ಜೋಡಿಸಿದ. ಅಂಗಡಿಯಲ್ಲಿ ಮಧ್ಯಾಹ್ನವಷ್ಟೇ ಪರೀಕ್ಷೆ ಮಾಡಿದ ಪ್ಲೇಯರ್. ಅದೂ ಹಾಗೇ ಮಾಡಿತು. ಚಾನೆಲ್ ಹಾಕಿ ನೋಡಿದ, ಅದೂ ಹಾಗೇ. ಕೆಟ್ಟ ಮೆಷಿನ್ ಹೇಗೆಂದರೆ ಹಾಗೆ ತಡವರಿಸುತ್ತೆ, ತಾಳ ಹಿಡಿದುಕೊಂಡು ತಡವರಿಸುವುದಿಲ್ಲ. ಡಿಸ್ಕ್ ಅಲ್ಲ, ಲೆನ್ಸ್ ಅಲ್ಲ, ಕೇಬಲ್ ಅಲ್ಲ, ಪ್ಲೇಯರೇ ಅಲ್ಲ. ಟೀವಿ ಅನ್ನೋಣವೆಂದರೆ ಹಗಲೆಲ್ಲ ಸರಿಯಾಗೇ ಓಡುತ್ತೆ. ಇನ್ನು ಉಳಿದದ್ದು ಈ ಮನೆ.

ರಿಪೇರಿಯವರೆಲ್ಲ ಕೇಳುವ ಒಂದು ಪ್ರಶ್ನೆ ಇರುತ್ತಲ್ಲ, ಅದನ್ನು ಅವನು ಅಭ್ಯಾಸಬಲದಿಂದ ಕೇಳಿದ.

“ಕೊನೇ ಸಲ ಸರಿಯಾಗಿ ಓಡಿದ್ದು ಯಾವತ್ತು ಭಾವ?”

ಭಾವ ಮುಖ ಒರೆಸಿಕೊಳ್ಳುತ್ತಿದ್ದ. ಗಮನವೆಲ್ಲ ಬೇರೆಲ್ಲೋ ಇತ್ತು.

“ನೀನು ಆ ಹೊಸ ಡಿಸ್ಕ್ ತಂದುಕೊಟ್ಟೆಯಲ್ಲ... ಆವತ್ತು ರಾತ್ರಿ. ಮೊದಲಿಂದ ಕೊನೇವರೆಗೂ ಕೂತು ನೋಡ್ದೆ. ಒಂದು ಸಲಾನೂ ತಡೀಲಿಲ್ಲ.”

ಟೆಸ್ಟರನ ಕೈಯಲ್ಲಿದ್ದ ಸ್ಕ್ರೂ ಟಣ್ ಅಂತ ನೆಲಕ್ಕೆ ಬಿತ್ತು. ಉರುಳಿಕೊಂಡು ಹೋಗಿ ಸೋಫಾದ ಕೆಳಗೆ ಸೇರಿತು.

ಆ ಡಿಸ್ಕನ್ನು ಅವನು ತಂದುಕೊಟ್ಟದ್ದು ಸಂಜೆ ಹೊತ್ತು. ಕೊಟ್ಟದ್ದು ಅಕ್ಕನ ಕೈಗೆ. ಊಟ ಮಾಡಿಕೊಂಡು ಹೋಗೋ ಅಂದಳು, ಅಂಗಡಿಯಲ್ಲಿ ಕೆಲಸ ಇದೆ ಅಂತ ಬಾಗಿಲಿನಿಂದಲೇ ಹಿಂದಿರುಗಿದ್ದ. ಅದೇ ಕೊನೆ. ಬೆಳಗ್ಗೆ ಭಾವನ ಫೋನು ಬಂತು. ಆ ರಾತ್ರಿ ಭಾವ ಪಾಳಿಯಲ್ಲಿದ್ದ. ಹಾಗಂತ ಎಲ್ಲರ ಮುಂದೆ ಎದೆ ಬಡಿದುಕೊಂಡು ಹೇಳಿದ್ದ.

ಮನೆಯಲ್ಲೇ ಇದ್ದನಾ? ಕೂತು ಸಿನಿಮಾ ನೋಡುತ್ತಿದ್ದನಾ? ಹಾಗಿದ್ದರೆ ಅಕ್ಕ ಎಲ್ಲಿದ್ದಳು?

ಟೆಸ್ಟರ್ ಟೀಪಾಯಿಯ ಮೇಲಿದ್ದ ರಿಮೋಟ್ ತೆಗೆದುಕೊಂಡ. ಅವನ ಕೆಲಸದ ಕ್ರಮವೇ ಹಾಗೆ. ಕೊನೆಗೆ ಯಾವುದೂ ತಿಳಿಯದಿದ್ದರೆ ಸಿನಿಮಾದ ಸದ್ದು ಪೂರ್ತಿ ನಿಲ್ಲಿಸಿ, ಮೆಷಿನ್ನಿಗೆ ಕಿವಿ ಕೊಡುವುದು. ಕಣ್ಣಿಗೆ ಮೋಸ ಮಾಡಬಹುದು, ಕಿವಿಗಲ್ಲ ಅನ್ನುತ್ತಾನೆ.

“ಸದ್ದು ನಿಲ್ಲಿಸ್ತೀನಿ ಭಾವ. ಮೋಟರ್ ಕೇಳ್ಬೇಕು.”

“ಬೇಡ.” ಭಾವನ ದನಿ ಪಿಸುಮಾತಾಗಿತ್ತು. “ಅದೊಂದು ಬೇಡ ಕಣಯ್ಯ...”

ಒತ್ತಿದ.

ಮನೆ ಗಪ್ಪಾಯಿತು. ಪ್ಲೇಯರಿನ ಮೋಟರ್ ಸೊಂಯ್ ಅನ್ನುತ್ತಿತ್ತು. ಲೆನ್ಸ್ ಚಿಕ್... ಚಿಕ್ ಅಂತ ಸರಿಯುತ್ತಿತ್ತು. ಎರಡೂ ಸರಿಯಾಗಿದ್ದವು. ಆಮೇಲೆ...

ದಬ್.

ಚಿತ್ರ ನಿಂತಿತು.

ದಬ್. ಚಿತ್ರ ನಿಂತಿತು. ದಬ್. ಚಿತ್ರ ನಿಂತಿತು.

ಬಿಡುವು. ಆ ಬಿಡುವಿನಲ್ಲಿ, ಸುಂಯ್... ಗೊರ್... ಅಂತ ಉಸಿರು ಎಳೆದುಕೊಳ್ಳುವ ಸದ್ದು. ಮತ್ತೆ ದಬ್. ದಬ್. ದಬ್.

ಅಂಗೈಯಲ್ಲಿ ಮರದ ಬಾಗಿಲು ಬಡಿಯುವ ಸದ್ದು. ಅಡುಗೆಮನೆಯ ಪಕ್ಕದ ಸ್ಟೋರ್ ರೂಮಿನಿಂದ ಬರುತ್ತಿತ್ತು. ಟೆಸ್ಟರ್ ಕತ್ತೆತ್ತಿ ಆ ಬಾಗಿಲು ನೋಡಿದ. ಈ ಮನೆಗೆ ಎಷ್ಟು ಸಲ ಬಂದಿದ್ದ, ಎಷ್ಟು ಸಲ ಅದರ ಮುಂದೆ ಓಡಾಡಿದ್ದ. ಒಂದು ಸಲವಾದರೂ ಹೊಳೆಯಬಾರದಿತ್ತೇ? ಹಸಿರು ಬಾಗಿಲು. ಅಮ್ಮ ಕೇಳಿದ್ದಕ್ಕೆ ಉತ್ತರ ಇಲ್ಲೇ ನಿಂತಿತ್ತು.

“ಒಳಗೆ ಯಾರಿದಾರೆ ಭಾವ?”

“ಇಲಿ.”

“ಇಲಿ ಹೀಗೆ ಬಡಿಯುತ್ತಾ?”

ಭಾವ ಗೋಡೆಗೆ ಒರಗಿಕೊಂಡು ಹಾಗೇ ಕುಸಿದ. ವರ್ಷದಿಂದ ಒಳಗೆ ತುಂಬಿಟ್ಟುಕೊಂಡದ್ದು ಆಗ ಆಚೆ ಬಂತು. ಜಗಳವಾದಾಗೆಲ್ಲ ಅವಳನ್ನು ಸ್ಟೋರ್ ರೂಮಿಗೆ ತಳ್ಳಿ ಚಿಲಕ ಹಾಕುತ್ತಿದ್ದನಂತೆ. ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತಿದ್ದನಂತೆ. ಬಡಿಯುವುದು ಪಕ್ಕದ ಮನೆಗೆ ಕೇಳಬಾರದು ಅಂತ ಸಿನಿಮಾ ಜೋರಾಗಿ ಹಾಕುತ್ತಿದ್ದನಂತೆ. ಮೂರು ಬೀದಿಗೆ ಕೇಳುವ ಶೋಕಿ ಅಂದೆನಲ್ಲ, ಅದು ಇದು! ಆವತ್ತೂ ಹಾಗೇ ತಳ್ಳಿದ. ಅವಳ ಉಬ್ಬಸದ ಔಷಧಿ ಹೊರಗೆ ಮಂಚದ ಪಕ್ಕ ಇತ್ತು. ಪಾಳಿಗೆ ಹೋಗಲೇ ಇಲ್ಲ. ಬೆಳಗಿನ ಜಾವ ಎತ್ತಿಕೊಂಡು ಹೋಗಿ ಹಾಸಿಗೆಯ ಮೇಲೆ ಮಲಗಿಸಿದ.

“ಬಡಿದಿದ್ದು ನಿಮಗೆ ಕೇಳಿಸ್ತಾ?” ಟೆಸ್ಟರನ ದನಿ ಅವನಿಗೇ ಗುರುತು ಸಿಗಲಿಲ್ಲ.

“ಕೇಳಿಸ್ತು.”

“ಮತ್ತೆ?”

“ಸದ್ದು ಜಾಸ್ತಿ ಮಾಡ್ದೆ... ಸಿನಿಮಾ ಮುಗೀಲಿ, ಆಮೇಲೆ ತೆಗೆಯೋಣ ಅಂದ್ಕೊಂಡೆ.”

ಕೇಳಿದಿರಲ್ಲ? ಸಿನಿಮಾ ಮುಗಿಯಲಿ ಅಂದುಕೊಂಡನಂತೆ. ಮನುಷ್ಯ ಆಡುವ ಮಾತಾ ಇದು?

ಆಗ ಬಾಗಿಲ ಹಿಂದಿನಿಂದ ದನಿ ಬಂತು. ಜೋರಿಲ್ಲ. ಹತ್ತಿರ ಕೂತವರಿಗೆ ಕೇಳುವಷ್ಟು.

“ರೀ... ಬಾಗಿಲು ತೆಗೀರಿ.”

ಭಾವ ಎರಡೂ ಕಿವಿ ಮುಚ್ಚಿಕೊಂಡ. ಸದ್ದು ಹಾಕೋ, ಸದ್ದು ಹಾಕೋ ಅಂತ ಬಾಯಿ ಅಲುಗಿತು, ದನಿ ಹೊರಡಲಿಲ್ಲ. ಟೆಸ್ಟರ್ ರಿಮೋಟನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಹೋಗಿ ತೆಗೀರಿ ಭಾವ. ಆವತ್ತು ತೆಗೀಲಿಲ್ಲ. ಇವತ್ತಾದ್ರೂ ತೆಗೀರಿ.”

ಭಾವ ಎದ್ದ. ತಾನಾಗಿ ಎದ್ದನೋ, ಯಾರಾದರೂ ಎಬ್ಬಿಸಿದರೋ, ಟೆಸ್ಟರನಿಗೆ ಇವತ್ತಿಗೂ ಗೊತ್ತಿಲ್ಲ. ಬಲಗೈ ಮಾತ್ರ ಮುಂದಕ್ಕೆ ಚಾಚಿತ್ತು, ಮುಂದೆ ನಡೆಯುವವರು ಮಣಿಕಟ್ಟು ಹಿಡಿದು ಎಳೆಯುತ್ತಿದ್ದ ಹಾಗೆ. ಕಾಲು ನೆಲಕ್ಕೆ ಉಜ್ಜುತ್ತಿತ್ತು. ಸರ್... ಸರ್... ಸರ್. ಅವನು ಮುಟ್ಟುವ ಮೊದಲೇ ಬಾಗಿಲು ತೆರೆದುಕೊಂಡಿತು. ಒಳಗೆ ಕತ್ತಲೆ. ಭಾವ ಒಂದು ಸಲ ಹಿಂದೆ ತಿರುಗಿ ಟೆಸ್ಟರನ ಮುಖ ನೋಡಿದ. ಒಳಗೆ ಹೋದ.

ಧಡ್.

ಆಮೇಲೆ ಚಿಲಕ ಸರಿದು ಕೂತ ಸದ್ದು. ಟಳಕ್.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಳಗಿನಿಂದ... ದಬ್. ದಬ್. ದಬ್. ಇದು ಬೇರೆ ಕೈ. ಭಾರವಾದ ಕೈ. “ತೆಗಿಯೋ... ಉಸಿರು ಕಟ್ಟುತ್ತಾ ಇದೆ ಕಣೋ...” ಅಂತ ಭಾವನ ದನಿ.

ಟೆಸ್ಟರ್ ಸಾಧು ಅಂದೆನಲ್ಲ. ಅಷ್ಟು ಕೇಳಿದ ಮೇಲೂ ಅವನು ಎದ್ದ. ಒಂದು ಮೊಣಕಾಲು ಊರಿ ಅರ್ಧ ಎದ್ದಿದ್ದ, ಅದು ನಿಜ. ಹಾಗೆ ಎದ್ದಾಗ ಹಿಂದಿನ ಸೋಫಾ ಪುಸ್ ಅಂತು. ಯಾರಾದರೂ ಕೂತರೆ ಮೆತ್ತೆಯಿಂದ ಗಾಳಿ ಹೋಗುತ್ತಲ್ಲ, ಹಾಗೆ. ಕಿವಿಯ ಪಕ್ಕದಲ್ಲೇ ಉಸಿರು ತಾಗಿತು. ಉಬ್ಬಸವಿಲ್ಲದ ಉಸಿರು. ಹುಟ್ಟಿದಾಗಿನಿಂದ ಅಕ್ಕ ಅಷ್ಟು ಹಗುರವಾಗಿ ಉಸಿರಾಡಿದ್ದನ್ನು ಅವನು ಕೇಳಿರಲಿಲ್ಲ.

“ಸದ್ದು ಜಾಸ್ತಿ ಮಾಡೋ, ಮರೀ. ಸಿನಿಮಾ ಮುಗೀಲಿ.”

ಟೆಸ್ಟರ್ ಕೂತ. ಸದ್ದು ಜಾಸ್ತಿ ಮಾಡಿದ. ಇನ್ನೂ ಮಾಡಿದ. ಸ್ಪೀಕರಿನ ಬಲೆ ನಡುಗುವಷ್ಟು ಮಾಡಿದ.

ಚಿತ್ರ ಓಡಿತು. ಒಂದು ಸಲವೂ ತಡೆಯಲಿಲ್ಲ. ಅವನು ಕೊನೆಯವರೆಗೂ ನೋಡಿದ, ಹೆಸರುಗಳೆಲ್ಲ ಮೇಲೆ ಹೋಗಿ ಪರದೆ ಕಪ್ಪಾಗುವವರೆಗೂ ನೋಡಿದ. ಹೆದರಿಕೆಯಾಗಲಿಲ್ಲವೇ ಅಂತ ನಾನು ಕೇಳಿದೆ. ಇಲ್ಲ, ಕಣ್ಣಲ್ಲಿ ನೀರು ಬರುತ್ತಿತ್ತು, ಮೈ ಹಗುರವಾಗಿತ್ತು ಅಂದ. ಅಕ್ಕನ ಪಕ್ಕ ಕೂತು ಸಿನಿಮಾ ನೋಡಿ ಎಷ್ಟು ವರ್ಷವಾಗಿತ್ತೋ.

ಆರಿಸಿದ ಮೇಲೆ ಮನೆಯಲ್ಲಿ ಯಾವ ಸದ್ದೂ ಇರಲಿಲ್ಲ. ಅವನು ಪಕ್ಕದ ಮನೆಯ ಬಡಗಿಯನ್ನು ಎಬ್ಬಿಸಿಕೊಂಡು ಬಂದ. ಆ ಮನೆಯಲ್ಲಿ ರಾತ್ರಿ ಗಲಾಟೆ ಹೊಸದೇನಲ್ಲವಲ್ಲ, ಬಡಗಿಯ ಕಿವಿಯಲ್ಲಿ ಹತ್ತಿ ಹಾಗೇ ಇತ್ತು. ಬಾಗಿಲು ತೆರೆದರೆ ಭಾವ ಹೊಸಿಲಿನ ಒಳಗೇ ಬಿದ್ದಿದ್ದ. ತುಟಿ ನೀಲಿಯಾಗಿತ್ತು. ಮೂಟೆ ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದ ಆಸಾಮಿ, ಹುಟ್ಟಿನಿಂದ ಒಂದು ದಿನ ದಮ್ಮು ಕಾಣದವನು. ಡಾಕ್ಟರ್ ಉಬ್ಬಸ ಅಂತ ಬರೆದುಕೊಟ್ಟರು.

ಅತ್ತೆಗೆ ಸುದ್ದಿ ಹೇಳಿದಾಗ ಅವರು ಅಳಲಿಲ್ಲ, ಬಯ್ಯಲಿಲ್ಲ. ಒಂದೇ ಮಾತು ಕೇಳಿದರು. ಉಗುರು ಮುರಿದಿತ್ತಾ? ಮುರಿದಿತ್ತಮ್ಮ, ಹತ್ತೂ ಮುರಿದಿತ್ತು, ಹಸಿರು ಬಣ್ಣವೂ ಇತ್ತು ಅಂದ ಟೆಸ್ಟರ್. ಆವತ್ತು ಅತ್ತೆ ತಾವೇ ತಟ್ಟೆ ಹಾಕಿಕೊಂಡು ಕೂತು ಹೊಟ್ಟೆ ತುಂಬ ಉಂಡರು. ಪಾಪ, ಹಾಗೆಲ್ಲ ಅನ್ನಬಾರದು ಅಂತ ಯಾರೂ ನನಗೆ ಬುದ್ಧಿ ಹೇಳಬೇಡಿ. ಅವರು ಉಂಡಿದ್ದು ನೋಡಿ ನನಗೂ ಸಮಾಧಾನವಾಯಿತು.

ಪೊಲೀಸರು ಬಂದರು. ಹೊರಗಿನಿಂದ ಚಿಲಕ ಹಾಕಿದ್ದು ನೀನೇನಾ ಅಂತ ಟೆಸ್ಟರನನ್ನು ಕೇಳಿದರು. ಆಮೇಲೆ ಎದ್ದು ಹೋಗಿ ಬಾಗಿಲು ನೋಡಿದರು. ನೋಡಿದ ಮೇಲೆ ಏನೂ ಕೇಳದೆ ಅವನನ್ನು ಮನೆಗೆ ಕಳಿಸಿದರು. ಟಳಕ್ ಅಂದಿದ್ದನ್ನು ಈ ಎರಡು ಕಿವಿಯಲ್ಲಿ ಕೇಳಿದೆ ಅಂತ ಟೆಸ್ಟರ್ ಈಗಲೂ ಆಣೆ ಮಾಡುತ್ತಾನೆ, ಸದ್ದಿನ ವಿಷಯದಲ್ಲಿ ಅವನು ಇದುವರೆಗೆ ತಪ್ಪಿದ್ದಿಲ್ಲ. ಆದರೆ ಆ ಬಾಗಿಲಿಗೆ ಚಿಲಕವೇ ಇರಲಿಲ್ಲ. ಒಳಗೂ ಇಲ್ಲ, ಹೊರಗೂ ಇಲ್ಲ. ಅಕ್ಕ ಸತ್ತ ವಾರವೇ ಭಾವ ಅದನ್ನು ಕೀಳಿಸಿ, ತೂತಿಗೆ ಪುಟ್ಟಿ ತುಂಬಿಸಿ, ಮೇಲೆ ಅದೇ ಹಸಿರು ಬಣ್ಣ ಹೊಡೆಸಿಬಿಟ್ಟಿದ್ದ. ಕಿತ್ತುಕೊಟ್ಟವನು ಇದೇ ಬಡಗಿ. ಆ ರಾತ್ರಿ ತಾನು ಬಾಗಿಲನ್ನು ಒಂದು ಬೆರಳಿನಲ್ಲಿ ಮುಟ್ಟಿದ್ದಷ್ಟೇ, ತೆರೆದುಕೊಂಡಿತು ಅನ್ನುತ್ತಾನೆ. ನನ್ನ ಮಾತು ಸುಳ್ಳು ಅನ್ನಿಸಿದರೆ ಹೋಗಿ ಆ ಬಡಗಿಯನ್ನೇ ಕೇಳಿ. ಈಗಲೂ ಅದೇ ಪಕ್ಕದ ಮನೆಯಲ್ಲಿ ಇದ್ದಾನೆ.